ಕಟ್ಟುವ ಆಟಿಕೆಗಳಲ್ಲಿ ಯಾವುದನ್ನು ಆರಿಸಬೇಕು?

ಪ್ರಶ್ನೆ: ನಮಗೆ ಮೂವರು ಮಕ್ಕಳು. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕು, ಕೊನೆಯದು ಈಗಷ್ಟೇ ಅಂಬೆಗಾಲಿಡುತ್ತಿರುವ ಕೂಸು. ಮರದ ಬ್ಲಾಕ್, ಪ್ಲಾಸ್ಟಿಕ್ ಇಟ್ಟಿಗೆ, ನಟ್ಟು-ಬೋಲ್ಟಿನ ಸೆಟ್, ಮ್ಯಾಗ್ನೆಟ್ ಬಿಲ್ಲೆ ಎಂದು ಬಗೆಬಗೆಯ ಕಟ್ಟುವ ಆಟಿಕೆಗಳಿವೆ. ಇವುಗಳ ನಡುವೆ ನಿಜವಾದ ವ್ಯತ್ಯಾಸವೇನು? ಮಗ ಪುಸ್ತಿಕೆ ನೋಡಿಕೊಂಡು ಒಂದು ಮಾದರಿ ಕಟ್ಟುತ್ತಾನೆ, ಕಪಾಟಿನ ಮೇಲೆ ಇಡುತ್ತಾನೆ, ಆಮೇಲೆ ಅದನ್ನು ಮುಟ್ಟುವುದಿಲ್ಲ. ಮಗಳು ಕಟ್ಟುವುದಕ್ಕಿಂತ ಕೆಡವುವುದೇ ಹೆಚ್ಚು. ಮ್ಯಾಗ್ನೆಟ್ ಆಟಿಕೆಗಳು ಅಪಾಯಕಾರಿ ಎಂದೂ ಕೇಳಿದ್ದೇವೆ. ಯಾವುದನ್ನು, ಎಷ್ಟು ಕೊಳ್ಳುವುದು ಒಳ್ಳೆಯದು?

ಉತ್ತರ: ಡಬ್ಬಿಯ ಮೇಲಿನ ಚಿತ್ರ, ಬಣ್ಣ, ತುಂಡುಗಳ ಸಂಖ್ಯೆ ಇವನ್ನೆಲ್ಲ ಸ್ವಲ್ಪ ಹೊತ್ತು ಬದಿಗಿಟ್ಟು, ಒಂದು ತುಂಡು ಇನ್ನೊಂದರ ಜೊತೆ ಹೇಗೆ ನಿಲ್ಲುತ್ತದೆ ಎಂಬುದನ್ನು ಮೊದಲು ಗಮನಿಸಿ. ಬರೀ ತನ್ನ ಭಾರದಿಂದ ನಿಲ್ಲುತ್ತದೆಯೋ, ಒತ್ತಿದರೆ ಕಚ್ಚಿಕೊಳ್ಳುತ್ತದೆಯೋ, ನಟ್ಟು ಹಾಕಿ ಬಿಗಿಯಬೇಕೋ, ತೂತಿನೊಳಗೆ ಕಡ್ಡಿ ತೂರಿಸಬೇಕೋ, ಇಲ್ಲವೇ ಮ್ಯಾಗ್ನೆಟ್ಟಿನ ಸೆಳೆತಕ್ಕೆ ತಾನೇ ಅಂಟಿಕೊಳ್ಳುತ್ತದೆಯೋ? ಆಡುವಾಗ ಮಗು ಏನನ್ನು ಯೋಚಿಸಬೇಕಾಗುತ್ತದೆ, ಅದರ ಬೆರಳುಗಳಿಗೆ ಯಾವ ಕೆಲಸ ಬೀಳುತ್ತದೆ, ಕಟ್ಟಿದ್ದು ಯಾವಾಗ ಮತ್ತು ಏಕೆ ಬೀಳುತ್ತದೆ ಎಂಬುದೆಲ್ಲ ಈ ಜೋಡಣೆಯಿಂದಲೇ ತೀರ್ಮಾನವಾಗುತ್ತದೆ. ಆದ್ದರಿಂದ ಒಂದು ಬಗೆಯ ಆಟಿಕೆ ಇನ್ನೊಂದರ ಕೆಲಸವನ್ನು ಮಾಡಲಾರದು. ಹಾಗೆಂದು ಎಲ್ಲ ಬಗೆಯನ್ನೂ ಚೂರು ಚೂರು ತಂದಿಡುವುದನ್ನು ನಾನು ಒಪ್ಪುವುದಿಲ್ಲ. ಒಂದೆರಡು ಬಗೆಯನ್ನು ಆರಿಸಿ, ಅವನ್ನು ಧಾರಾಳವಾಗಿ ಕೊಡಬೇಕು ಎಂಬುದೇ ನನ್ನ ಖಚಿತ ಅಭಿಪ್ರಾಯ. ಹನ್ನೆರಡು ಬ್ಲಾಕುಗಳಲ್ಲಿ ಒಂದು ಗೋಪುರ ಮಾತ್ರ ಆಗುತ್ತದೆ. ನೂರು ಬ್ಲಾಕುಗಳಿದ್ದರೆ ಊರೊಂದನ್ನೇ ಕಟ್ಟಬಹುದು.

ಬರೀ ಭಾರದಿಂದ ನಿಲ್ಲುವ ಮರದ ಬ್ಲಾಕುಗಳಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಮನೆಗೆ ಮೊದಲು ಬೇಕಾದದ್ದು ಅದು. ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ 1837ರಲ್ಲಿ ಚಿಕ್ಕಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದ ಫ್ರೆಡ್ರಿಕ್ ಫ್ರೋಬೆಲ್, ಮಕ್ಕಳ ಕೈಗೆ ಕ್ರಮವಾಗಿ ಕೊಡಬೇಕಾದ ಆಟಿಕೆಗಳ ಸರಣಿಯನ್ನೇ ರೂಪಿಸಿದರು. ಅದರಲ್ಲಿ ಮೂರನೆಯದು ಎಂಟು ಪುಟ್ಟ ಘನಗಳಾಗಿ ಬಿಡಿಸಿಕೊಳ್ಳುವ ಒಂದು ಮರದ ಘನ. ನಾಲ್ಕನೆಯದರಲ್ಲಿ ಅಷ್ಟೇ ಗಾತ್ರದ ಘನವು ಎಂಟು ಚಪ್ಪಟೆ ಹಲಗೆಗಳಾಗಿ ಬಿಡಿಸಿಕೊಳ್ಳುತ್ತದೆ. ಇಡಿಯದು ಬಿಡಿಯಾಗುತ್ತದೆ, ಬಿಡಿ ಸೇರಿ ಮತ್ತೆ ಇಡಿಯಾಗುತ್ತದೆ ಎಂಬುದನ್ನು ಮಗು ಕೈಯಿಂದಲೇ ಅರಿಯಲಿ ಎಂಬುದು ಅವರ ಉದ್ದೇಶವಾಗಿತ್ತು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಾಲ್ಯದಲ್ಲಿ ಇವುಗಳೊಡನೆಯೇ ಆಡಿದವರು. ತಮ್ಮ ವಿನ್ಯಾಸದ ಬೇರು ಅಲ್ಲಿದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದರೆ ಫ್ರೋಬೆಲ್ ಬ್ಲಾಕುಗಳು ಮೇಜಿನ ಮೇಲೆ ಆಡುವಷ್ಟು ಚಿಕ್ಕವು. ನೆಲದ ಮೇಲೆ ಕೂತು, ಎದ್ದು, ಸುತ್ತಾಡಿ ಕಟ್ಟುವ ದೊಡ್ಡ ಬ್ಲಾಕುಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ಅವರಿಂದ ಬಂದವು. 1914ರಲ್ಲಿ ಅವರು ಆರಂಭಿಸಿದ ಶಾಲೆಯಲ್ಲಿ ಈ ಬ್ಲಾಕುಗಳೇ ಕಲಿಕೆಯ ಮುಖ್ಯ ಸಾಧನವಾದವು. ಇವನ್ನು ಯೂನಿಟ್ ಬ್ಲಾಕ್ ಎಂದು ಕರೆಯುತ್ತಾರೆ.

ಯೂನಿಟ್ ಬ್ಲಾಕುಗಳ ಗುಟ್ಟು ಅವುಗಳ ಅಳತೆಯಲ್ಲಿದೆ. ಮೂಲ ಬ್ಲಾಕಿನ ದಪ್ಪ ಒಂದು ಪಾಲಾದರೆ ಅಗಲ ಎರಡು ಪಾಲು, ಉದ್ದ ನಾಲ್ಕು ಪಾಲು. ಉಳಿದ ಆಕಾರಗಳು ಇದರ ಅರ್ಧ, ಇದರ ಎರಡರಷ್ಟು, ನಾಲ್ಕರಷ್ಟು, ಅಥವಾ ಇದನ್ನು ಕರ್ಣದಲ್ಲಿ ಸೀಳಿದ ತ್ರಿಕೋನ. ಹೀಗಿರುವುದರಿಂದ ಕೈಗೆ ಸಿಕ್ಕ ಬ್ಲಾಕು ಉದ್ದ ಸಾಲದೆ ಹೋದಾಗ ಮಗು ಇನ್ನೊಂದನ್ನು ಹುಡುಕುತ್ತದೆ, ಎರಡು ಅರ್ಧಗಳನ್ನು ಒಟ್ಟಿಗಿಟ್ಟು ನೋಡುತ್ತದೆ, ಅದು ಸರಿಹೊಂದಿದಾಗ ಭಿನ್ನರಾಶಿಯ ಹೆಸರು ಗೊತ್ತಿಲ್ಲದೆಯೇ ಭಿನ್ನರಾಶಿಯನ್ನು ಬಳಸಿರುತ್ತದೆ. ಅಂದಾಜಿನ ಅಳತೆಯಲ್ಲಿ ಕೊಯ್ದ ಬಣ್ಣದ ಬ್ಲಾಕುಗಳಲ್ಲಿ ಇದು ಸಾಧ್ಯವಿಲ್ಲ. ಕೊಳ್ಳುವ ಮುನ್ನ ಎರಡು ಅರ್ಧ ಬ್ಲಾಕುಗಳನ್ನು ಒಂದು ಪೂರ್ತಿ ಬ್ಲಾಕಿನ ಪಕ್ಕಕ್ಕಿಟ್ಟು, ಮೇಲೆ ಬೆರಳಾಡಿಸಿ ನೋಡಿ. ಅಂಚು ಬೆರಳಿಗೆ ತಡೆದರೆ ಆ ಸೆಟ್ ಬೇಡ. ಬಣ್ಣವಿಲ್ಲದ, ನಯವಾಗಿ ಉಜ್ಜಿದ ಗಟ್ಟಿಮರವೇ ಉತ್ತಮ. ಹಗುರ ಮರದ ಗೋಪುರ ಸಣ್ಣ ತಾಗಿಗೇ ಉರುಳುತ್ತದೆ, ಗಟ್ಟಿಮರದ ತೂಕ ಮಗುವಿನ ಕೈಗೂ ತಿಳಿಯುತ್ತದೆ.

ನಿಮ್ಮ ಮಗಳು ಕೆಡವುತ್ತಾಳೆ ಎಂದು ಬರೆದಿದ್ದೀರಿ. ಅದು ದೋಷವಲ್ಲ. ಮಕ್ಕಳು ಬ್ಲಾಕುಗಳನ್ನು ಬಳಸುವುದರಲ್ಲಿ ಒಂದು ಕ್ರಮವಿದೆ ಎಂಬುದನ್ನು ಪ್ರ್ಯಾಟ್ ಅವರ ಜೊತೆಗೂ ಕೆಲಸ ಮಾಡಿದ್ದ ಹ್ಯಾರಿಯೆಟ್ ಜಾನ್ಸನ್ 1933ರಲ್ಲಿಯೇ ವಿವರಿಸಿದ್ದರು. ಮೊದಲು ಮಗು ಬ್ಲಾಕುಗಳನ್ನು ಬರೀ ಹೊತ್ತು ತಿರುಗುತ್ತದೆ. ಆಮೇಲೆ ಸಾಲಾಗಿ ಇಡುತ್ತದೆ, ಒಂದರ ಮೇಲೊಂದು ಪೇರಿಸುತ್ತದೆ. ಅನಂತರ ಸೇತುವೆ ಬರುತ್ತದೆ, ನಾಲ್ಕೂ ಕಡೆ ಮುಚ್ಚಿದ ಆವರಣ ಬರುತ್ತದೆ, ಎಡಬಲ ಸರಿಹೊಂದುವ ವಿನ್ಯಾಸಗಳು ಬರುತ್ತವೆ. ಇದು ಆಸ್ಪತ್ರೆ, ಇದು ಬಸ್ ನಿಲ್ದಾಣ ಎಂದು ಹೆಸರಿಟ್ಟು ಕಟ್ಟುವುದು ಕೊನೆಕೊನೆಗೆ. ಹೊಸದಾಗಿ ಬ್ಲಾಕು ಸಿಕ್ಕವರು ನಾಲ್ಕು ವರ್ಷದವರಾದರೂ ಆರು ವರ್ಷದವರಾದರೂ ಮೊದಲ ಹಂತಗಳನ್ನು ದಾಟಿಯೇ ಮುಂದೆ ಹೋಗುತ್ತಾರೆ. ದೊಡ್ಡವರು ಬೇಗ ದಾಟುತ್ತಾರೆ ಅಷ್ಟೆ. ಕೆಡವುವುದು ಪೇರಿಸುವ ಹಂತದ ಇನ್ನೊಂದು ಮುಖ. ಎಲ್ಲಿ ತಳ್ಳಿದರೆ ಬೀಳುತ್ತದೆ, ಕೆಳಗಿನದನ್ನು ಎಳೆದರೆ ಏನಾಗುತ್ತದೆ ಎಂಬ ಅವಳ ಪರೀಕ್ಷೆ ಅದರಲ್ಲಿದೆ. ಒಂದು ನಿಯಮ ಮಾತ್ರ ಇರಲಿ: ತಾನು ಕಟ್ಟಿದ್ದನ್ನು ಕೆಡವಬಹುದು, ಅಣ್ಣ ಕಟ್ಟಿದ್ದನ್ನು ಕೆಡವಬೇಕಾದರೆ ಅಣ್ಣನನ್ನು ಕೇಳಬೇಕು.

ಸೇತುವೆಯ ಹಂತವನ್ನು ಹತ್ತಿರದಿಂದ ನೋಡಿದರೆ ಬ್ಲಾಕು ಏನು ಕಲಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಮಗು ಎರಡು ಬ್ಲಾಕುಗಳನ್ನು ಕಂಬಗಳಂತೆ ನಿಲ್ಲಿಸಿ ಮೇಲೊಂದನ್ನು ತೊಲೆಯಂತೆ ಅಡ್ಡಲಾಗಿ ಇಡಲು ಹೋಗುತ್ತದೆ. ನಡುವಿನ ಅಂತರ ಹೆಚ್ಚಾಗಿರುವುದರಿಂದ ಅದು ಕೆಳಗೆ ಬೀಳುತ್ತದೆ. ಅದನ್ನೇ ಮತ್ತೆ ಇಡುತ್ತದೆ, ಮತ್ತೆ ಬೀಳುತ್ತದೆ. ಮೂರನೆಯ ಸಲ ಒಂದು ತುದಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು ಇನ್ನೊಂದು ತುದಿಯ ಕಡೆ ಬಾಗಿ ನೋಡುತ್ತದೆ, ಅಲ್ಲಿ ಕಂಬದವರೆಗೆ ತಲುಪದೆ ಉಳಿದ ಜಾಗವನ್ನು ಕಾಣುತ್ತದೆ. ಆಗ ಕಂಬವನ್ನು ಒಳಕ್ಕೆ ತಳ್ಳುತ್ತದೆ, ಸಾಮಾನ್ಯವಾಗಿ ಬೇಕಾದ್ದಕ್ಕಿಂತ ತುಸು ಹೆಚ್ಚಾಗಿಯೇ. ತೊಲೆ ನಿಲ್ಲುತ್ತದೆ. ದೊಡ್ಡವರು ಪಕ್ಕದಲ್ಲಿದ್ದು ಮೊದಲ ಸಲ ಬಿದ್ದಾಗಲೇ ಕಂಬವನ್ನು ಸರಿಸಿಕೊಟ್ಟರೆ ಸೇತುವೆ ಬೇಗ ಆಗುತ್ತಿತ್ತು, ಆದರೆ ಬಾಗಿ ನೋಡಿದ ಆ ಕ್ಷಣ ಮಗುವಿಗೆ ಸಿಗುತ್ತಿರಲಿಲ್ಲ. ಕಚ್ಚಿಕೊಳ್ಳುವ ಅಥವಾ ಅಂಟಿಕೊಳ್ಳುವ ಆಟಿಕೆಗಳು ಇಂಥ ತಪ್ಪನ್ನು ಮುಚ್ಚಿಡುತ್ತವೆ, ಬ್ಲಾಕು ಮುಚ್ಚಿಡುವುದಿಲ್ಲ.

ಇದೇ ಕುಟುಂಬದ ಇನ್ನೊಂದು ಬಗೆ ಒಂದೇ ಅಳತೆಯ ತೆಳು ಹಲಗೆಗಳದು. ನೆದರ್‌ಲ್ಯಾಂಡ್ಸ್‌ನ ಟಾಮ್ ವಾನ್ ಡರ್ ಬ್ರುಗೆನ್ 1987ರಲ್ಲಿ ತಂದ ಕಾಪ್ಲಾ ಇದರಲ್ಲಿ ಹೆಸರಾಂತದ್ದು. ಹಲಗೆಯ ಅಗಲ ದಪ್ಪದ ಮೂರರಷ್ಟು, ಉದ್ದ ಅಗಲದ ಐದರಷ್ಟು. ಎಲ್ಲ ತುಂಡುಗಳೂ ಒಂದೇ ರೀತಿ ಇರುವುದರಿಂದ ವೈವಿಧ್ಯವೆಲ್ಲ ಇಡುವ ಕ್ರಮದಿಂದಲೇ ಹುಟ್ಟಬೇಕು. ನಿಮ್ಮ ಎಂಟು ವರ್ಷದ ಮಗನಿಗೆ ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ. ಅವನಿಗೆ ನಾಲ್ಕು ಹಲಗೆ ಕೊಟ್ಟು, ಮೇಜಿನ ಅಂಚಿನಲ್ಲಿ ಒಂದರ ಮೇಲೊಂದು ಪೇರಿಸಿ, ಎಲ್ಲಕ್ಕಿಂತ ಮೇಲಿನ ಹಲಗೆ ಪೂರ್ತಿಯಾಗಿ ಮೇಜಿನ ಹೊರಗೆ ಚಾಚುವಂತೆ ಮಾಡಲು ಹೇಳಿ. ಆಗದ ಮಾತು ಎನಿಸುತ್ತದೆ, ಆದರೆ ಆಗುತ್ತದೆ. ಮೇಲಿನದು ತನ್ನ ಕೆಳಗಿನದಕ್ಕಿಂತ ಅರ್ಧದಷ್ಟು, ಅದು ತನ್ನ ಕೆಳಗಿನದಕ್ಕಿಂತ ಕಾಲು ಭಾಗದಷ್ಟು, ಮುಂದಿನದು ಆರನೆಯ ಒಂದರಷ್ಟು, ತಳದ್ದು ಮೇಜಿನ ಅಂಚಿನಿಂದ ಎಂಟನೆಯ ಒಂದರಷ್ಟು ಮುಂದೆ ಬಂದರೆ ಒಟ್ಟು ಚಾಚಿಕೆ ಒಂದು ಹಲಗೆಯ ಉದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗುತ್ತದೆ. ನಾಲ್ಕರಲ್ಲಿ ಬಹಳ ನಾಜೂಕು. ಐದಾರು ಹಲಗೆ ಕೊಟ್ಟರೆ ಸಲೀಸು. ಉತ್ತರವನ್ನು ಮೊದಲೇ ಹೇಳಿಬಿಡಬೇಡಿ. ಮೇಲಿನಿಂದ ಶುರು ಮಾಡಿ ಒಂದೊಂದಾಗಿ ಕೆಳಗೆ ಯೋಚಿಸಬೇಕು ಎಂಬುದನ್ನು ಅವನೇ ಕಂಡುಕೊಳ್ಳಲಿ.

ಇನ್ನು ಒತ್ತಿದರೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳ ವಿಚಾರ. ಬ್ರಿಟನ್ನಿನ ಹಿಲರಿ ಪೇಜ್ 1940ರ ದಶಕದಲ್ಲಿ ಇಂಥ ಇಟ್ಟಿಗೆಗಳನ್ನು ಮಾರುಕಟ್ಟೆಗೆ ತಂದಿದ್ದರು. ಡೆನ್ಮಾರ್ಕಿನ ಬಿಲುಂಡ್‌ನ ಲೆಗೊ ಸಂಸ್ಥೆ 1949ರಲ್ಲಿ ಅದೇ ಜಾಡಿನಲ್ಲಿ ತನ್ನ ಮೊದಲ ಇಟ್ಟಿಗೆಗಳನ್ನು ಮಾಡಿತು. ಆಗಿನ ಇಟ್ಟಿಗೆಯ ಒಳಭಾಗ ಪೊಳ್ಳಾಗಿತ್ತು. ಮೇಲಿನ ದುಂಡನೆಯ ಉಬ್ಬುಗಳು ಇನ್ನೊಂದು ಇಟ್ಟಿಗೆಯ ಹೊರಗೋಡೆಗಷ್ಟೇ ತಾಗಿಕೊಳ್ಳುತ್ತಿದ್ದವು, ಹಿಡಿತ ಸಡಿಲವಾಗಿತ್ತು. 1958ರ ಜನವರಿಯಲ್ಲಿ ಪೇಟೆಂಟಿಗೆ ಸಲ್ಲಿಸಿದ ಹೊಸ ವಿನ್ಯಾಸದಲ್ಲಿ ಒಳಗೆ ಕೊಳವೆಗಳು ಬಂದವು. ಪ್ರತಿ ಉಬ್ಬೂ ಈಗ ಗೋಡೆ ಮತ್ತು ಕೊಳವೆಗಳ ನಡುವೆ ಸಿಕ್ಕಿಕೊಂಡು ಹಲವು ಕಡೆಯಿಂದ ಹಿಡಿತ ಪಡೆಯುತ್ತದೆ. ಪ್ಲಾಸ್ಟಿಕ್ ಅಣುವಿನಷ್ಟು ಬಾಗಿ ಮತ್ತೆ ತನ್ನ ಆಕಾರಕ್ಕೆ ಮರಳಲು ಯತ್ನಿಸುವ ಒತ್ತಡವೇ ಆ ಬಿಗಿ. ಕಿತ್ತರೆ ಬರಬೇಕು, ಬಿಟ್ಟರೆ ನಿಲ್ಲಬೇಕು ಎಂಬ ಎರಡು ವಿರುದ್ಧ ಬೇಡಿಕೆಗಳನ್ನು ಪೂರೈಸಲು ತಯಾರಿಕೆಯ ಅಳತೆ ಅತ್ಯಂತ ಕರಾರುವಾಕ್ಕಾಗಿರಬೇಕು. ನಕಲು ಇಟ್ಟಿಗೆಗಳಲ್ಲಿ ಕೆಲವು ಮಗುವಿನ ಬೆರಳಿಗೆ ಬಿಡಿಸಲಾಗದಷ್ಟು ಬಿಗಿ, ಕೆಲವು ಎತ್ತಿದೊಡನೆ ಉದುರುವಷ್ಟು ಸಡಿಲವಾಗಿರುವುದಕ್ಕೆ ಕಾರಣ ಇದೇ.

ಈ ಜೋಡಣೆಯ ಶಕ್ತಿ ಅದರ ಲೆಕ್ಕದಲ್ಲಿದೆ. ಸಾಲಿಗೆ ನಾಲ್ಕರಂತೆ ಎರಡು ಸಾಲು ಉಬ್ಬುಗಳಿರುವ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಸೇರಿಸಬಹುದು. ಮೂರಾದರೆ 1,060 ರೀತಿ. ಆರಾದರೆ 91 ಕೋಟಿಗೂ ಮೀರಿ, ನಿಖರವಾಗಿ 91,51,03,765 ರೀತಿ. ಇಟ್ಟಿಗೆಯ ಉಬ್ಬಿನಿಂದ ಉಬ್ಬಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ತೆಳು ಫಲಕದ ಎತ್ತರ ಅದರ ಮೂರನೆಯ ಒಂದು ಪಾಲು. ಹಾಗಾಗಿ ಐದು ಫಲಕಗಳನ್ನು ಪೇರಿಸಿದರೆ ಆಗುವ ಎತ್ತರ ಎರಡು ಉಬ್ಬುಗಳ ಅಗಲಕ್ಕೆ ಸರಿಯಾಗುತ್ತದೆ. ಇಟ್ಟಿಗೆಗಳನ್ನು ಅಡ್ಡ ಮಲಗಿಸಿ ಕಟ್ಟಲು ಹೊರಟ ಮಗುವಿಗೆ ಈ ಸಮೀಕರಣ ಒಂದು ಬೀಗದ ಕೈಯಂತೆ ಒದಗುತ್ತದೆ. ನಿಮ್ಮ ಮಗನಿಗೆ ಇದನ್ನು ಸವಾಲಾಗಿ ಕೊಟ್ಟು ನೋಡಿ.

ಅವನು ಪುಸ್ತಿಕೆಯ ಮಾದರಿ ಕಟ್ಟಿ ಕಪಾಟಿಗಿಡುವುದರ ಬಗ್ಗೆ ಹೇಳುತ್ತೇನೆ. ಪುಸ್ತಿಕೆ ನೋಡಿ ಕಟ್ಟುವುದನ್ನು ಕೀಳಾಗಿ ಕಾಣುವವರಿದ್ದಾರೆ. ನಾನು ಅವರ ಜೊತೆಯಲ್ಲಿಲ್ಲ. ಚಪ್ಪಟೆ ಚಿತ್ರವನ್ನು ನೋಡಿ ಮೂರು ಆಯಾಮದ ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ಸರಿಯಾದ ಜಾಗಕ್ಕೆ ತುಂಡನ್ನು ಕೂರಿಸುವುದು ನಿಜವಾದ ಕೌಶಲ. ಒಂದು ಚಕ್ರವನ್ನು ಹೇಗೆ ಕೂರಿಸಬೇಕು, ಬಾಗಿಲಿಗೆ ಕೀಲು ಹೇಗೆ ಮಾಡಬೇಕು ಎಂಬ ತಂತ್ರಗಳು ಅವನಿಗೆ ಅಲ್ಲಿಂದಲೇ ಸಿಗುತ್ತವೆ. ತೊಂದರೆ ಇರುವುದು ಅನಂತರ. ಇತ್ತೀಚಿನ ಅನೇಕ ಸೆಟ್‌ಗಳಲ್ಲಿ ಒಂದೇ ಮಾದರಿಗೆ ಒಗ್ಗುವ ವಿಶೇಷ ತುಂಡುಗಳು ಹೆಚ್ಚು, ಸಾದಾ ಇಟ್ಟಿಗೆಗಳು ಕಡಿಮೆ. ಬಿಚ್ಚಿದರೂ ಅವುಗಳಿಂದ ಬೇರೇನು ಮಾಡಬಹುದು ಎಂಬುದು ಮಗುವಿಗೆ ಹೊಳೆಯುವುದಿಲ್ಲ. ಆದ್ದರಿಂದ ಮುಂದಿನ ಸಲ ಹೊಸ ಮಾದರಿಯ ಬದಲು ಸಾದಾ ಇಟ್ಟಿಗೆಗಳು, ಫಲಕಗಳು, ಇಳಿಜಾರು ತುಂಡುಗಳು ಮತ್ತು ಚಕ್ರಗಳಿರುವ ಬಿಡಿ ಪೆಟ್ಟಿಗೆಯೊಂದನ್ನು ಕೊಡಿಸಿ. ಬಳಸಿದ ಇಟ್ಟಿಗೆ ಸಿಕ್ಕರೂ ಸಾಕು. ಒಳ್ಳೆಯ ಇಟ್ಟಿಗೆ ಹಲವು ದಶಕ ಹಿಡಿತ ಕಳೆದುಕೊಳ್ಳುವುದಿಲ್ಲ, ಮತ್ತು 1958ರ ವಿನ್ಯಾಸದ ಅಳತೆ ಇಂದಿಗೂ ಬದಲಾಗಿಲ್ಲ. ಕಪಾಟಿನ ಮೇಲಿರುವುದನ್ನು ಬಲವಂತವಾಗಿ ಬಿಚ್ಚಿಸಬೇಡಿ. ಅದರಲ್ಲಿ ಒಂದೇ ಒಂದು ಬದಲಾವಣೆ ಮಾಡಲು ಕೇಳಿ: ಈ ಲಾರಿಗೆ ಎರಡರಷ್ಟು ಉದ್ದದ ಸರಕು ಹಾಕಬೇಕಾದರೆ ಏನು ಮಾಡುತ್ತೀ? ಅಲ್ಲಿಂದಾಚೆಗೆ ಅದು ಪುಸ್ತಿಕೆಯ ಲಾರಿಯಾಗಿ ಉಳಿಯುವುದಿಲ್ಲ.

ಚಿಕ್ಕವರಿಗಾಗಿ ಇದೇ ಇಟ್ಟಿಗೆಗಳ ದೊಡ್ಡ ರೂಪ ಡುಪ್ಲೊ 1969ರಲ್ಲಿ ಬಂತು. ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟು. ಸಣ್ಣ ಇಟ್ಟಿಗೆಯ ಜೊತೆಗೂ ಇದು ಕೂಡಿಕೊಳ್ಳುತ್ತದೆ ಎಂಬುದನ್ನು ಅನೇಕ ಪೋಷಕರು ಗಮನಿಸಿರುವುದಿಲ್ಲ. ಮಗಳು ದೊಡ್ಡ ಇಟ್ಟಿಗೆಯಲ್ಲಿ ಬೆಟ್ಟ ಕಟ್ಟಿದರೆ ಅದರ ಮೇಲೆ ಅಣ್ಣ ಸಣ್ಣ ಇಟ್ಟಿಗೆಯ ಕೋಟೆ ಕಟ್ಟಬಹುದು.

ನಟ್ಟು-ಬೋಲ್ಟಿನ ಸೆಟ್‌ಗಳು ಬೇರೆಯೇ ಲೋಕ. ಲಿವರ್‌ಪೂಲಿನಲ್ಲಿ ಗುಮಾಸ್ತರಾಗಿದ್ದ ಫ್ರಾಂಕ್ ಹಾರ್ನ್‌ಬಿ ತಮ್ಮ ಗಂಡುಮಕ್ಕಳಿಗಾಗಿ ಲೋಹದ ತಗಡಿನಿಂದ ಪಟ್ಟಿಗಳನ್ನು ಕತ್ತರಿಸಿ, ಅರ್ಧ ಇಂಚಿಗೊಂದರಂತೆ ತೂತು ಕೊರೆದು ಮಾಡಿದ ಆಟಿಕೆಗೆ 1901ರಲ್ಲಿ ಪೇಟೆಂಟ್ ಪಡೆದರು. ಕೆಲವೇ ವರ್ಷಗಳಲ್ಲಿ ಅದು ಮೆಕ್ಯಾನೊ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಸಮಾನ ಅಂತರದ ತೂತು ಎಂಬ ಸರಳ ನಿಯಮದಿಂದಾಗಿ ಯಾವ ಪಟ್ಟಿಯನ್ನು ಯಾವುದಕ್ಕಾದರೂ ಬಿಗಿಯಬಹುದು, ಅದೇ ತೂತಿನಲ್ಲಿ ಸರಳನ್ನು ತೂರಿಸಿ ಚಕ್ರ, ರಾಟೆ, ಗಿಯರುಗಳನ್ನು ತಿರುಗಿಸಬಹುದು. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಹಾರ್ಟ್ರೀ ಮತ್ತು ಆರ್ಥರ್ ಪೋರ್ಟರ್ ಬಹುಮಟ್ಟಿಗೆ ಮೆಕ್ಯಾನೊ ತುಂಡುಗಳಿಂದಲೇ ಅವಕಲ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದನ್ನು ಕಟ್ಟಿದರು ಎಂಬುದು ಈ ಆಟಿಕೆಯ ಗಟ್ಟಿತನಕ್ಕೆ ಸಾಕ್ಷಿ.

ಇದರಲ್ಲಿ ಮಗು ಮೊದಲು ಕಲಿಯಬೇಕಾದದ್ದು ತ್ರಿಕೋನವನ್ನು. ನಾಲ್ಕು ಪಟ್ಟಿಗಳನ್ನು ಮೂಲೆಗೊಂದು ಬೋಲ್ಟಿನಂತೆ ಜೋಡಿಸಿ ಚೌಕ ಮಾಡಿಸಿ, ನಟ್ಟುಗಳನ್ನು ಎಷ್ಟೇ ಬಿಗಿದರೂ ಮೂಲೆಯನ್ನು ಒತ್ತಿದಾಗ ಚೌಕ ಓರೆಯಾಗುತ್ತದೆ. ಐದನೆಯ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಹಾಕಿದೊಡನೆ ಅದು ಅಲುಗಾಡದೆ ನಿಲ್ಲುತ್ತದೆ. ಆದರೆ ಆ ಐದನೆಯ ಪಟ್ಟಿಯ ತೂತು ಸರಿಯಾಗಿ ಮೂಲೆಗೆ ಬೀಳುವುದಿಲ್ಲ, ಏಕೆಂದರೆ ಚೌಕದ ಕರ್ಣ ಅರ್ಧ ಇಂಚಿನ ಪಾಲುಗಳಲ್ಲಿ ಪೂರ್ಣವಾಗಿ ಅಳೆಯಲಾಗದ ಉದ್ದ. ಅಡ್ಡಕ್ಕೆ ಮೂರು, ಎತ್ತರಕ್ಕೆ ನಾಲ್ಕು ಅಂತರ ಇಟ್ಟುಕೊಂಡರೆ ಕರ್ಣ ಸರಿಯಾಗಿ ಐದು ಅಂತರಕ್ಕೆ ಕೂರುತ್ತದೆ. ಪೈಥಾಗೊರಸನ ಪ್ರಮೇಯವನ್ನು ಶಾಲೆಯಲ್ಲಿ ಕೇಳುವ ಎಷ್ಟೋ ಮೊದಲು ನಿಮ್ಮ ಮಗ ಅದನ್ನು ಸ್ಪ್ಯಾನರಿನಿಂದ ಬಿಗಿದಿರುತ್ತಾನೆ. ಈ ಬಗೆಯ ಆಟಿಕೆಗೆ ತಾಳ್ಮೆ ಬೇಕು, ಬೆರಳಿನ ತುದಿಯ ಹಿಡಿತ ಬೇಕು; ಎಂಟು ವರ್ಷ ಇದಕ್ಕೆ ಸರಿಯಾದ ವಯಸ್ಸು, ನಾಲ್ಕು ಖಂಡಿತ ಅಲ್ಲ. ಮಗಳಿಗೆ ಬಿಗಿಯುವ ಆಸೆಯಾದರೆ ದಪ್ಪ ಮರದ ಬೋಲ್ಟುಗಳಿರುವ ಸೆಟ್ ಸಾಕು. ಪಟ್ಟಿಗಳ ಅಂಚು ಮಡಚಿ ಅಥವಾ ಉಜ್ಜಿ ಮೊಂಡಾಗಿಸಿದೆಯೇ ಎಂದು ನೋಡಿಕೊಳ್ಳಿ.

ಕಡ್ಡಿ ಮತ್ತು ಗುಂಡುಬಿಲ್ಲೆಗಳ ಸೆಟ್‌ಗಳು ಇದಕ್ಕೂ ಬ್ಲಾಕಿಗೂ ನಡುವಿನವು. ಅಮೆರಿಕದಲ್ಲಿ 1914ರಲ್ಲಿ ಬಂದ ಟಿಂಕರ್‌ಟಾಯ್ ಇದರ ಮೂಲ. ದುಂಡನೆಯ ಮರದ ಬಿಲ್ಲೆಯ ಅಂಚಿನ ಸುತ್ತ ಎಂಟು ತೂತು, ನಡುವೆ ಒಂದು. ಕಡ್ಡಿಗಳ ಉದ್ದವನ್ನು ಚೌಕದ ಬದಿಗೂ ಕರ್ಣಕ್ಕೂ ಹೊಂದುವಂತೆ ಇಟ್ಟಿರುವುದರಿಂದ, ಮೆಕ್ಯಾನೊದಲ್ಲಿ ಕಾಡುವ ಕರ್ಣದ ತೊಡಕು ಇಲ್ಲಿಲ್ಲ. ಬೇಗ ದೊಡ್ಡದಾಗಿ ಕಟ್ಟುವ ಸಂತೋಷ ಇದರಲ್ಲಿದೆ, ಗೋಡೆಯಿಲ್ಲದ ಬರೀ ಅಸ್ಥಿಪಂಜರ ಎದ್ದು ನಿಲ್ಲುವುದನ್ನು ನೋಡುವ ಸಂತೋಷವೂ ಇದೆ. ಮೂಲೆಯಲ್ಲಿ ಕೊರೆದ ಮರದ ದಿಮ್ಮಿಗಳನ್ನು ಒಂದರೊಳಗೊಂದು ಕೂರಿಸಿ ಮನೆ ಕಟ್ಟುವ ಸೆಟ್‌ಗಳೂ ಉಂಟು. ಚೆಂದವೇ, ಆದರೆ ಮನೆಯ ಹೊರತು ಹೆಚ್ಚೇನೂ ಆಗುವುದಿಲ್ಲ. ಮೋಟಾರು, ಸೆನ್ಸರುಗಳಿರುವ ರೋಬೋಟ್ ಸೆಟ್‌ಗಳನ್ನು ಇನ್ನೆರಡು ವರ್ಷ ಮುಂದೂಡಿ. ಕೈಯಿಂದ ತಿರುಗಿಸಿದ ಗಿಯರು ಏಕೆ ನಿಧಾನವಾಯಿತು ಎಂಬುದು ಗೊತ್ತಾಗುವ ಮೊದಲೇ ಮೋಟಾರು ಬಂದರೆ, ಮಗು ಗುಂಡಿ ಒತ್ತುವುದನ್ನಷ್ಟೇ ಕಲಿಯುತ್ತದೆ. ಜೊತೆಗೆ ಅವು ಮೊಬೈಲ್ ಆ್ಯಪ್‌ಗಳನ್ನು ನೆಚ್ಚಿಕೊಂಡಿರುತ್ತವೆ. ಆ್ಯಪ್ ನಿಂತುಹೋದರೆ ಆಟಿಕೆಯ ಅರ್ಧ ಆಯುಷ್ಯವೂ ಮುಗಿಯುತ್ತದೆ.

ಮ್ಯಾಗ್ನೆಟ್ ಬಿಲ್ಲೆಗಳ ಬಗ್ಗೆ ನಿಮ್ಮ ಆತಂಕಕ್ಕೆ ಆಧಾರವಿದೆ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಅಂಚುಗಳೊಳಗೆ ಮ್ಯಾಗ್ನೆಟ್ ಹುದುಗಿಸಿದ ದೊಡ್ಡ ಚೌಕ, ತ್ರಿಕೋನಗಳ ಪಾರದರ್ಶಕ ಬಿಲ್ಲೆಗಳು ಒಂದು ಬಗೆ. ಗುಂಡು ಗುಂಡಾದ ಪುಟ್ಟ ಮ್ಯಾಗ್ನೆಟ್ ಮಣಿಗಳು ಇನ್ನೊಂದು. ಮಣಿಗಳು ಆಟಿಕೆಯೇ ಅಲ್ಲ, ಮಕ್ಕಳಿರುವ ಮನೆಗೆ ಅವು ಬರಲೇಬಾರದು. ಒಂದಕ್ಕಿಂತ ಹೆಚ್ಚು ಮ್ಯಾಗ್ನೆಟ್, ಅಥವಾ ಒಂದು ಮ್ಯಾಗ್ನೆಟ್ ಮತ್ತು ಲೋಹದ ಚೂರು ಹೊಟ್ಟೆಗೆ ಹೋದರೆ, ಕರುಳಿನ ಬೇರೆಬೇರೆ ಮಡಿಕೆಗಳಲ್ಲಿದ್ದುಕೊಂಡೇ ಅವು ಪರಸ್ಪರ ಸೆಳೆಯುತ್ತವೆ. ನಡುವೆ ಸಿಕ್ಕ ಕರುಳಿನ ಗೋಡೆಗೆ ರಕ್ತ ಹರಿಯದೆ ಅದು ಸತ್ತು ತೂತಾಗುತ್ತದೆ. ಮೊದಲಿಗೆ ಸಾಮಾನ್ಯ ವಾಂತಿ, ಹೊಟ್ಟೆನೋವಿನಂತೆಯೇ ಕಾಣುವುದರಿಂದ ತಡವಾಗುವ ಅಪಾಯ ಹೆಚ್ಚು. ನುಂಗಿರಬಹುದು ಎಂಬ ಅನುಮಾನ ಬಂದರೂ ಲಕ್ಷಣಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ದೊಡ್ಡ ಬಿಲ್ಲೆಗಳಲ್ಲಿ ಮ್ಯಾಗ್ನೆಟ್ ಒಳಗೆ ಭದ್ರವಾಗಿರುವವರೆಗೆ ಈ ಅಪಾಯವಿಲ್ಲ. ಬಿಲ್ಲೆ ಒಡೆದಾಗ, ಅಂಚು ಬಿರುಕು ಬಿಟ್ಟಾಗ ಅಪಾಯ ಶುರುವಾಗುತ್ತದೆ. ಎರಡು ಅರ್ಧಗಳನ್ನು ಬೆಸೆದು, ಮೂಲೆಗಳಲ್ಲಿ ಲೋಹದ ರಿವೆಟ್ಟುಗಳಿಂದಲೂ ಭದ್ರಪಡಿಸಿದ ಬಿಲ್ಲೆಗಳನ್ನು ಆರಿಸಿ, ಆಗಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಬಿರುಕು ಕಂಡದ್ದನ್ನು ಆಗಲೇ ಎತ್ತಿಡಿ.

ಆಟವಾಗಿ ನೋಡಿದರೆ ಈ ಬಿಲ್ಲೆಗಳ ಗುಣ ಮತ್ತು ಮಿತಿ ಒಂದೇ: ಸುಲಭ. ಚಪ್ಪಟೆಯಾಗಿ ನೆಲದ ಮೇಲೆ ಹರಡಿದ ಆರು ಚೌಕಗಳನ್ನು ಮಡಿಸಿ ಘನ ಮಾಡುವುದು, ನಾಲ್ಕು ತ್ರಿಕೋನಗಳನ್ನು ಎತ್ತಿ ಒಂದು ಬಿಂದುವಿಗೆ ತಂದು ಶಿಖರ ಮಾಡುವುದು ನಾಲ್ಕು ವರ್ಷದ ಮಗುವಿಗೂ ಸಾಧ್ಯವಾಗುವುದು ಇದರಲ್ಲಿ ಮಾತ್ರ. ನಿಮ್ಮ ಮಗಳು ಖಂಡಿತ ಇಷ್ಟಪಡುತ್ತಾಳೆ. ಆದರೆ ಸಮತೋಲವನ್ನು ಮ್ಯಾಗ್ನೆಟ್ಟೇ ನೋಡಿಕೊಳ್ಳುವುದರಿಂದ ಅವಳಿಗೆ ಇದೊಂದೇ ಆಟಿಕೆಯಾಗಬಾರದು. ಬ್ಲಾಕುಗಳ ನಂತರದ ಎರಡನೆಯ ಸ್ಥಾನ ಇದಕ್ಕೆ ಸಾಕು.

ಕೂಸಿನ ಸುರಕ್ಷತೆಯನ್ನು ಕುರಿತು ಒಂದು ಅಳತೆ ನೆನಪಿರಲಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಂದನ್ನು ಬಳಸುತ್ತಾರೆ. ಒತ್ತದೆಯೇ ಅದರೊಳಗೆ ಪೂರ್ತಿ ಕೂರುವ ಯಾವ ತುಂಡೂ ಆ ವಯಸ್ಸಿಗೆ ಸಲ್ಲದು. ಅಣ್ಣನ ಸಣ್ಣ ಇಟ್ಟಿಗೆಗಳೂ ನಟ್ಟುಗಳೂ ಇದರೊಳಗೆ ಹೋಗುತ್ತವೆ. ಆದ್ದರಿಂದ ಅವನ ಆಟ ಎತ್ತರದ ಮೇಜಿನ ಮೇಲೆ ನಡೆಯಲಿ, ಅಂಚಿರುವ ತಟ್ಟೆಯಲ್ಲಿ ತುಂಡುಗಳಿರಲಿ, ಮುಗಿದ ಮೇಲೆ ಮುಚ್ಚಳ ಬಿದ್ದ ಡಬ್ಬಿಗೆ ಸೇರಲಿ. ನೆಲ ದೊಡ್ಡ ಬ್ಲಾಕುಗಳ ಪಾಲಿಗಿರಲಿ; ಅಲ್ಲಿ ಮಗಳು ಕಟ್ಟುತ್ತಾಳೆ, ಕೂಸು ಹೊತ್ತು ತಿರುಗುತ್ತದೆ. ಮೂವರೂ ಒಟ್ಟಿಗೆ ಆಡುವಾಗ ರಟ್ಟಿನ ಖಾಲಿ ಪೆಟ್ಟಿಗೆಗಳು, ಹಳೆಯ ಹೊದಿಕೆ ಮತ್ತು ಬಟ್ಟೆಯ ಕ್ಲಿಪ್ಪುಗಳಷ್ಟು ಒಳ್ಳೆಯ ಸಾಮಗ್ರಿ ಮತ್ತೊಂದಿಲ್ಲ. ಕ್ಲಿಪ್ಪು ಮಾತ್ರ ಅಣ್ಣನ ಕೈಯಲ್ಲಿರಲಿ.

ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಯೂನಿಟ್ ಬ್ಲಾಕುಗಳು, ಸಾಧ್ಯವಾದರೆ ನೂರರ ಹತ್ತಿರ. ಒಮ್ಮೆಗೆ ಆಗದಿದ್ದರೆ ಅರ್ಧ ಈಗ, ಉಳಿದದ್ದು ಅದೇ ಅಳತೆಯಲ್ಲಿ ಮುಂದೆ. ಮಗನಿಗೆ ಸಾದಾ ಇಟ್ಟಿಗೆಯ ಪೆಟ್ಟಿಗೆ ಅಥವಾ ತೆಳು ಹಲಗೆ, ಇವೆರಡರಲ್ಲಿ ಒಂದು; ಅವನು ಚಕ್ರ, ಗಿಯರುಗಳ ಕಡೆ ವಾಲಿದ್ದರೆ ನಟ್ಟು-ಬೋಲ್ಟಿನ ಸೆಟ್. ಮ್ಯಾಗ್ನೆಟ್ ಬಿಲ್ಲೆಗಳು ಆಮೇಲೆ. ಬ್ಲಾಕುಗಳನ್ನು ಒಂದು ಚೀಲಕ್ಕೆ ಸುರಿಯದೆ, ತೆರೆದ ಗೂಡಿನಲ್ಲಿ ಆಕಾರದ ಪ್ರಕಾರ, ಉದ್ದ ಕಾಣುವಂತೆ ಜೋಡಿಸಿಡಿ. ಚೀಲದ ತಳದಲ್ಲಿರುವ ಬ್ಲಾಕನ್ನು ಯಾವ ಮಗುವೂ ಹುಡುಕಿ ತೆಗೆಯುವುದಿಲ್ಲ. ಕಟ್ಟಿದ್ದು ರಾತ್ರಿಯಿಡೀ ಹಾಗೆಯೇ ಉಳಿಯಬಹುದಾದ ಒಂದು ಮೂಲೆಯನ್ನು ಗುರುತಿಸಿ ಕೊಡಿ, ಏಕೆಂದರೆ ಮರುದಿನ ಬೆಳಿಗ್ಗೆ ಮುಂದುವರಿಸುವ ಕಟ್ಟಡವೇ ದೊಡ್ಡದಾಗುವುದು. ನೀವು ಪಕ್ಕದಲ್ಲಿ ಕೂತಾಗ, ಮಗು ಕೇಳಿದ ತುಂಡನ್ನು ಎತ್ತಿಕೊಡಿ, ಹಿಡಿ ಎಂದದ್ದನ್ನು ಹಿಡಿದುಕೊಳ್ಳಿ, ಎಲ್ಲಿಡಬೇಕು ಎಂಬುದನ್ನು ಅದಕ್ಕೇ ಬಿಡಿ.